ಜೆರಿಕ್ಯಾನಿಗೆ ಮೂರು ಹಿಡಿ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಜಗಲಿಯಲ್ಲಿ ಒಂದು ಹಳೇ ಪೆಟ್ರೋಲ್ ಕ್ಯಾನ್ ಕೂತಿದೆ. ಎರಡನೇ ಮಹಾಯುದ್ಧದ ಕಾಲದ್ದು. ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತಂದದ್ದು. ಮನೆಗೆ ಬಂದವರು ಕಾಫಿ ಕುಡಿಯುತ್ತಾ ಅದನ್ನೇ ನೋಡುತ್ತಾರೆ. ಲೋಟ ಖಾಲಿಯಾಗುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ: “ಇದಕ್ಕೇನ್ರೀ ಮೂರು ಹಿಡಿ?” ಹಳೇ ಜೀಪಿನ ಹುಚ್ಚಿರುವ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳೂ ಸೇರಿ ಈಗ ದೊಡ್ಡ ಪಟ್ಟಿಯೇ ಆಗಿದೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಟ್ಟರೆ ಆಯಿತು ಅಂತ ಕೂತೆ.

ಜೆರಿಕ್ಯಾನ್ ಅಂದರೆ ಯಾವ ಕ್ಯಾನು?

ಯುದ್ಧದ ಸಿನಿಮಾಗಳಲ್ಲಿ ಜೀಪಿನ ಹಿಂಬದಿಗೆ ಕಟ್ಟಿರುವ ಚಪ್ಪಟೆ ಡಬ್ಬ ನೋಡಿರುತ್ತೀರಲ್ಲ, ಅದೇ. 20 ಲೀಟರ್ ಹಿಡಿಸುತ್ತದೆ. ಸುಮಾರು 47 ಸೆಂ.ಮೀ. ಎತ್ತರ, 34 ಸೆಂ.ಮೀ. ಅಗಲ, 16 ಸೆಂ.ಮೀ. ದಪ್ಪ. ಎರಡೂ ಬದಿಯ ತಗಡಿನ ಮೇಲೆ ಗುಣಿಸುವ ಗುರುತಿನ ಹಾಗೆ ದೊಡ್ಡ ಅಚ್ಚು ಒತ್ತಿರುತ್ತಾರೆ. ಮೇಲೆ ಒಂದು ಮೂಲೆಯಲ್ಲಿ ಮೋಟು ಬಾಯಿ, ಅದರ ಪಕ್ಕ ಮೂರು ಹಿಡಿ.

ಹೆಸರು ಇಟ್ಟವರು ಬ್ರಿಟಿಷ್ ಸಿಪಾಯಿಗಳು. ಅವರ ಆಡುಮಾತಿನಲ್ಲಿ ಜರ್ಮನ್ ಅಂದರೆ “ಜೆರ್ರಿ”. ಜೆರ್ರಿಯ ಕ್ಯಾನು ಜೆರಿಕ್ಯಾನ್ ಆಯಿತು. ಈಗ ನಮ್ಮಲ್ಲಿ ಯಾವ ಪ್ಲಾಸ್ಟಿಕ್ ಡಬ್ಬವನ್ನು ಬೇಕಾದರೂ ಜೆರಿಕ್ಯಾನ್ ಅನ್ನುತ್ತಾರೆ. ಇರಲಿ ಬಿಡಿ.

ಸರಿ, ಮೂರು ಹಿಡಿ ಯಾಕೆ? ಒಂದು ಸಾಲದಾ?

ಒಬ್ಬನೇ ಹೊರುವುದಾದರೆ ಒಂದು ಸಾಕು. ಆದರೆ ಸೈನ್ಯದಲ್ಲಿ ಒಂದು ಡಬ್ಬ ಒಬ್ಬನ ಕೈಯಲ್ಲೇ ಉಳಿಯುವುದಿಲ್ಲ.

ತುಂಬಿದ ಕ್ಯಾನ್ ಹತ್ತಿರ ಹತ್ತಿರ 20 ಕೆಜಿ ತೂಗುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ, 20 ಲೀಟರಿಗೆ ಸುಮಾರು 15 ಕೆಜಿ. ಉಳಿದದ್ದು ಡಬ್ಬದ ತೂಕ. ಒಬ್ಬನೇ ಎತ್ತುವಾಗ ನಡುವಿನ ಹಿಡಿ ಹಿಡಿಯುತ್ತಾನೆ. ತೂಕ ನೇರ ಕೆಳಗೆ ಜೋತು ಬೀಳುತ್ತದೆ, ಡಬ್ಬ ವಾಲುವುದಿಲ್ಲ. ದೂರ ಹೋಗಬೇಕಾದರೆ ಇಬ್ಬರು ಸೇರಿಕೊಳ್ಳುತ್ತಾರೆ. ಆಗ ಒಬ್ಬೊಬ್ಬರಿಗೆ ಒಂದೊಂದು ಅಂಚಿನ ಹಿಡಿ. ಇಬ್ಬರ ಬೆರಳೂ ಒಂದಕ್ಕೊಂದು ತಾಗುವುದಿಲ್ಲ.

ಇನ್ನೊಂದು ಉಪಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಖಾಲಿ ಕ್ಯಾನ್ ಎರಡನ್ನು ಅಕ್ಕಪಕ್ಕ ನಿಲ್ಲಿಸಿ. ಈ ಕ್ಯಾನಿನ ಬಲ ಅಂಚಿನ ಹಿಡಿ, ಆ ಕ್ಯಾನಿನ ಎಡ ಅಂಚಿನ ಹಿಡಿ ಒಂದಕ್ಕೊಂದು ಅಂಟಿಕೊಂಡಂತೆ ಬರುತ್ತವೆ. ಎರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿಯಬಹುದು. ಒಂದು ಕೈಯಲ್ಲಿ ಎರಡು, ಎರಡು ಕೈಯಲ್ಲಿ ನಾಲ್ಕು. ಒಂದೇ ಹಿಡಿ ಇದ್ದಿದ್ದರೆ ಅದೇ ಕೆಲಸಕ್ಕೆ ಎರಡು ಸಲ ಓಡಾಡಬೇಕಿತ್ತು.

ಲಾರಿಯಿಂದ ಇಳಿಸುವಾಗ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾರೆ, ಗೊತ್ತಲ್ಲ? ಹಿಂದೆ ಬೆಂಕಿ ಬಿದ್ದಾಗ ಊರವರು ಬಾವಿಯಿಂದ ಕೊಡ ದಾಟಿಸುತ್ತಿದ್ದ ಹಾಗೆ. ಕೊಡುವವನು ಒಂದು ಅಂಚು ಹಿಡಿದಿದ್ದರೆ ತೆಗೆದುಕೊಳ್ಳುವವನಿಗೆ ಇನ್ನೊಂದು ಅಂಚು ಖಾಲಿ ಇರುತ್ತದೆ. “ತಗೊಂಡ್ಯಾ?” “ಹ್ಞೂಂ, ಬಿಡು” ಅನ್ನುವುದೂ ಬೇಕಿಲ್ಲ.

ಬೆಂಗಳೂರಿನ ಮನೆಗಳಿಗೆ ಬರುವ ಕುಡಿಯುವ ನೀರಿನ ಕ್ಯಾನೂ 20 ಲೀಟರೇ. ಅದನ್ನು ತರುವ ಹುಡುಗ ಹೆಗಲ ಮೇಲೆ ಹೊತ್ತು ಮೂರನೇ ಮಹಡಿ ಹತ್ತುತ್ತಾನೆ, ಯಾಕೆಂದರೆ ಆ ಉರುಟು ಡಬ್ಬದಲ್ಲಿ ಸರಿಯಾಗಿ ಹಿಡಿಯಲು ಜಾಗವೇ ಇಲ್ಲ. ಇಬ್ಬರು ಸೇರಿ ಎತ್ತೋಣ ಅಂದರೂ ಆಗುವುದಿಲ್ಲ. ಜೆರಿಕ್ಯಾನ್ ಮಾಡಿದವರು ಮಾತ್ರ ಲೀಟರ್ ಲೆಕ್ಕದ ಜೊತೆಗೆ ಕೈಗಳ ಲೆಕ್ಕವನ್ನೂ ಹಾಕಿದ್ದರು.

ಹಿಡಿ ಗಟ್ಟಿ ಸರಳಿನದ್ದಾ, ಟೊಳ್ಳು ಕೊಳವೆಯದ್ದಾ?

ಟೊಳ್ಳು. ನೋಡಿದರೆ ಗಟ್ಟಿ ಸರಳಿನ ಹಾಗೇ ಕಾಣುತ್ತದೆ, ಅದಕ್ಕೇ ಈ ಪ್ರಶ್ನೆ ಬರುವುದು. ಉಗುರಿನಲ್ಲಿ ತಟ್ಟಿ ನೋಡಿ, ಸದ್ದಿನಲ್ಲೇ ಗೊತ್ತಾಗುತ್ತದೆ.

ಟೊಳ್ಳು ಅಂದ ತಕ್ಷಣ “ಓ, ದುಡ್ಡು ಉಳಿಸೋಕೆ” ಅನ್ನುತ್ತಾರೆ. ಅದಷ್ಟೇ ಅಲ್ಲ. ಸುಮ್ನೆ ಒಂದು ಲೆಕ್ಕ ಹಾಕೋಣ. ಅಳತೆ ನಾನು ಉದಾಹರಣೆಗೆ ತೆಗೆದುಕೊಂಡದ್ದು. 20 ಮಿ.ಮೀ. ದಪ್ಪದ, 15 ಸೆಂ.ಮೀ. ಉದ್ದದ ಗಟ್ಟಿ ಉಕ್ಕಿನ ಸರಳು ಸುಮಾರು 370 ಗ್ರಾಂ ತೂಗುತ್ತದೆ. ಮೂರು ಹಿಡಿಗೆ 1.1 ಕೆಜಿ. ಅದೇ ದಪ್ಪದ, 1 ಮಿ.ಮೀ. ಗೋಡೆಯ ಕೊಳವೆ ತೆಗೆದುಕೊಂಡರೆ ಒಂದಕ್ಕೆ 70 ಗ್ರಾಂ, ಮೂರಕ್ಕೆ 210 ಗ್ರಾಂ. ತೂಕ ಐದನೇ ಒಂದು ಪಾಲಿಗೆ ಇಳಿಯಿತು. ಆದರೆ ಬಾಗದೆ ತಡೆಯುವ ಶಕ್ತಿ ಮೂರನೇ ಒಂದು ಪಾಲು ಉಳಿದಿದೆ. ಬಾಗುವಾಗ ಭಾರವೆಲ್ಲ ಬೀಳುವುದು ಹೊರಮೈಯ ಲೋಹದ ಮೇಲೆ. ನಡುವಿನ ಲೋಹ ಸುಮ್ಮನೆ ತೂಕ. ಬಿದಿರು ಟೊಳ್ಳಾಗಿದ್ದೂ ಗಟ್ಟಿ ಇರುವುದು ಇದಕ್ಕೇ.

ಮೂರನೇ ಒಂದು ಪಾಲು ಸಾಕಾ? ಧಾರಾಳ ಸಾಕು. 20 ಕೆಜಿಯ ಡಬ್ಬ ಇಂಥ ಕೊಳವೆಯ ನಡುವೆ ನೇತಾಡಿದರೆ, ಸಾದಾ ಉಕ್ಕು ಬಾಗಿಹೋಗಲು ಬೇಕಾದ ಭಾರದ ಎಂಟರಲ್ಲಿ ಒಂದು ಪಾಲೂ ಅದರ ಮೇಲೆ ಬೀಳುವುದಿಲ್ಲ. ಲಾರಿಯ ಮೇಲಿಂದ ಜೋರಾಗಿ ಜಗ್ಗಿದರೂ ತಡೆಯುತ್ತದೆ.

ಇನ್ನು ಕೈಯ ವಿಷಯ. ತೆಳು ತಂತಿಯ ಹಿಡಿ ಇರುವ ಕಬ್ಬಿಣದ ಬಕೆಟ್ಟಿನಲ್ಲಿ ನೀರು ಹೊತ್ತಿದ್ದೀರಾ? ಹತ್ತು ಹೆಜ್ಜೆಗೆ ಬೆರಳಲ್ಲಿ ಗೆರೆ ಮೂಡುತ್ತದೆ. ನಮ್ಮಜ್ಜಿ ಅದಕ್ಕೆ ಹಳೇ ಸೀರೆಯ ಚಿಂದಿ ಸುತ್ತುತ್ತಿದ್ದರು. ಹಿಡಿ ದಪ್ಪವಾಗಿ ಉರುಟಾಗಿದ್ದರೆ ಭಾರ ಬೆರಳಿನ ತುಂಬ ಹಂಚಿಹೋಗುತ್ತದೆ. ಗಟ್ಟಿ ಸರಳಿನಲ್ಲಿ ಅಷ್ಟು ದಪ್ಪ ಕೊಡಬೇಕೆಂದರೆ ತೂಕ ಜಾಸ್ತಿಯಾಗುತ್ತದೆ. ಕೊಳವೆಯಲ್ಲಿ ಆ ತಾಪತ್ರಯವಿಲ್ಲ.

ಡಬ್ಬದ ತಗಡು ತೆಳು ಅಲ್ವಾ? ಹಿಡಿ ಕಿತ್ತು ಬರುವುದಿಲ್ಲವೇ?

ಒಳ್ಳೇ ಪ್ರಶ್ನೆ. ಯಾವ ಹಿಡಿಯೂ ನಡುವೆ ಮುರಿಯುವುದು ಅಪರೂಪ. ಮುರಿಯುವುದು ಬುಡದಲ್ಲಿ. ಮನೆಯ ಬಾಣಲೆ, ಸೌಟು, ಟ್ರಂಕು ಯಾವುದನ್ನಾದರೂ ನೋಡಿ.

ಕೊಳವೆಯ ತುದಿಯನ್ನು ನೇರವಾಗಿ ತೆಳು ತಗಡಿಗೆ ಬೆಸೆದರೆ ಎಲ್ಲ ಎಳೆತವೂ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಮೇಲೆ ಬೀಳುತ್ತದೆ. ಎತ್ತಿ ಇಳಿಸಿ ಎತ್ತಿ ಇಳಿಸಿ ಬೆಸುಗೆಯ ಸುತ್ತ ಸಣ್ಣ ಬಿರುಕು ಬರುತ್ತದೆ. ಪೆಟ್ರೋಲ್ ಡಬ್ಬದಲ್ಲಿ ಸಣ್ಣ ಬಿರುಕು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಮೂರು ಕೊಳವೆಗಳ ತುದಿಗಳನ್ನೂ ಅಚ್ಚೊತ್ತಿದ ಅಗಲವಾದ ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ಡಬ್ಬಕ್ಕೆ ಬೆಸೆದಿದ್ದಾರೆ. ಹಿಂದೊಂದು, ಮುಂದೊಂದು. ನೀವು ಒಂದೇ ಹಿಡಿ ಎಳೆದರೂ ಭಾರ ಪಟ್ಟಿಯ ಉದ್ದಕ್ಕೂ ಹರಡಿ ಕೆಳಗಿಳಿಯುತ್ತದೆ.

ನನ್ನ ಕ್ಯಾನಿನಲ್ಲಿ ನಡುವಿನ ಹಿಡಿಯ ಕೆಳಬದಿಯ ಬಣ್ಣ ಪೂರ್ತಿ ಹೋಗಿದೆ. ನಾಲ್ಕು ಬೆರಳು ಕೂರುವ ಜಾಗ ಹಳೇ ಬಾಗಿಲ ಚಿಲಕದ ಹಾಗೆ ನುಣ್ಣಗಾಗಿ ಹೊಳೆಯುತ್ತದೆ. ಅಂಚಿನ ಎರಡರ ಮೇಲೆ ಇನ್ನೂ ಹಸಿರು ಬಣ್ಣ ಉಳಿದಿದೆ. ಯಾರೋ ಜಾಸ್ತಿ ಒಬ್ಬರೇ ಹೊತ್ತಿರಬೇಕು, ಪಾಪ.

ಹಿಡಿಗಳ ಆಚೆ ಮೇಲ್ಗಡೆ ಗೂನು ಥರ ಉಬ್ಬಿದೆಯಲ್ಲ, ಅದೇನು?

ಗಾಳಿಯ ಕೋಣೆ. ಡಬ್ಬವನ್ನು ನೆಟ್ಟಗೆ ನಿಲ್ಲಿಸಿ ಬಾಯಿಯವರೆಗೆ ತುಂಬಿಸಿದರೂ ಆ ಉಬ್ಬಿನೊಳಗೆ ಗಾಳಿ ಉಳಿದೇ ಉಳಿಯುತ್ತದೆ. ಬೇಕಂತಲೇ ಹಾಗೆ ಮಾಡಿದ್ದು.

ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಮರಳುಗಾಡಿನ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸ ಅಂದುಕೊಳ್ಳಿ. 20 ಲೀಟರ್ ಪೆಟ್ರೋಲ್ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿಯೇ ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಡಬ್ಬ ಉಬ್ಬಿ ಬೆಸುಗೆ ಬಿಡುತ್ತದೆ. ಬದಿಯ ಆ ದೊಡ್ಡ ಅಚ್ಚೂ ಇದಕ್ಕೆ ನೆರವಾಗುತ್ತದೆ. ತಗಡಿಗೆ ಗಡಸುತನ ಕೊಡುತ್ತದೆ, ಒಳಗಿನ ಒತ್ತಡ ಏರಿದಾಗ ತುಸು ಉಸಿರಾಡಲೂ ಬಿಡುತ್ತದೆ.

ಬಾಯಿಯಿಂದ ಈ ಗಾಳಿ ಜಾಗಕ್ಕೆ ಒಂದು ಸಣ್ಣ ಕೊಳವೆ ಹೋಗುತ್ತದೆ. ಸುರಿಯುವಾಗ ಗಾಳಿ ಅದರ ಮೂಲಕ ಒಳಗೆ ಹೋಗುತ್ತದೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಗಳಗಳ ಅಂತ ತಡೆದು ತಡೆದು ಬೀಳುತ್ತದಲ್ಲ, ಇದರಲ್ಲಿ ಹಾಗಾಗುವುದಿಲ್ಲ. ಆಲಿಕೆಯೂ ಬೇಡ.

ಇನ್ನೊಂದು ತಮಾಷೆ: ತುಂಬಿದ ಕ್ಯಾನ್ ನೀರಿಗೆ ಬಿದ್ದರೆ ತೇಲುತ್ತದೆ.

ಇದನ್ನು ಮಾಡಿದ್ದು ಯಾರು?

ಜರ್ಮನಿಯ ಶ್ವೆಲ್ಮ್ ಎಂಬ ಊರಿನ ಮ್ಯೂಲರ್ ಕಂಪನಿ. ವರ್ಷ 1937. ವಿನ್ಯಾಸ ಅಲ್ಲಿನ ಮುಖ್ಯ ಎಂಜಿನಿಯರ್ ವಿನ್‌ಜೆನ್ಜ್ ಗ್ರ್ಯುನ್‌ಫೋಗೆಲ್ ಅವರದು. ಜರ್ಮನ್ ಸೈನ್ಯ ಅದಕ್ಕೆ ಇಟ್ಟ ಹೆಸರು ಬಾಯಲ್ಲಿ ಹೊರಳುವಂಥದ್ದಲ್ಲ: ವೇರ್‌ಮಾಖ್ಟ್ ಐನ್‌ಹೈಟ್ಸ್‌ಕನಿಸ್ಟರ್. ಅಂದರೆ ಇಡೀ ಸೈನ್ಯಕ್ಕೆ ಒಂದೇ ನಮೂನೆಯ ಡಬ್ಬ.

ಯುದ್ಧ ಶುರುವಾಗುವ ಹೊತ್ತಿಗೆ ಸಾವಿರಾರು ಕ್ಯಾನ್ ಮಾಡಿ ಪೇರಿಸಿಟ್ಟಿದ್ದರು. ಎರಡು ಅರ್ಧಗಳನ್ನು ಅಚ್ಚಿನಲ್ಲಿ ಒತ್ತಿ, ನಡುವೆ ಬೆಸೆದು ಒಂದು ಮಾಡುವುದು. ಆ ಬೆಸುಗೆಯ ಗೆರೆ ಹೊರಗೆ ಚಾಚಿಲ್ಲ, ತೋಡಿನೊಳಗೆ ಕೂತಿದೆ. ಡಬ್ಬ ಕಲ್ಲಿಗೆ ಬಡಿದರೂ ಏಟು ಬೆಸುಗೆಗೆ ತಾಗುವುದಿಲ್ಲ. ಒಳಗೆ ಬಳಿದದ್ದು ಬಿಯರ್ ತುಂಬುವ ಉಕ್ಕಿನ ಪೀಪಾಯಿಗಳಿಗೆಂದು ಮೊದಲು ಕಂಡುಹಿಡಿದ ಲೇಪ. ಹಾಗಾಗಿ ಪೆಟ್ರೋಲನ್ನೂ ತುಂಬಬಹುದಿತ್ತು, ನೀರನ್ನೂ ತುಂಬಬಹುದಿತ್ತು.

ಅದೇ ಹೊತ್ತಿಗೆ ಬ್ರಿಟಿಷರ ಹತ್ತಿರ ಏನಿತ್ತು?

ನಮ್ಮ ಕಡೆಯ ಸೀಮೆಎಣ್ಣೆ ಡಬ್ಬ! ನಾಲ್ಕು ಗ್ಯಾಲನ್ನಿನ, ಅಂದರೆ ಸುಮಾರು 18 ಲೀಟರಿನ ಚೌಕ ತಗಡಿನ ಡಬ್ಬ. ಅಂಚು ಮಡಿಸಿ ಸೀಸದ ಬೆಸುಗೆ ಹಾಕಿದ್ದು. ಒಂದು ಸಲ ಬಳಸಿ ಎಸೆಯುವ ಲೆಕ್ಕದಲ್ಲಿ ಮಾಡಿದ್ದು. ಸಿಪಾಯಿಗಳು ಅದಕ್ಕೆ “ಫ್ಲಿಮ್ಸಿ” ಅಂತಿದ್ದರು. ಮುಟ್ಟಿದರೆ ಮುರಿಯುತ್ತೆ ಅನ್ನುವ ಅರ್ಥ. ಲಾರಿಯಲ್ಲಿ ಪೇರಿಸಿ ಮರಳುಗಾಡಿನ ಕಲ್ಲುದಾರಿಯಲ್ಲಿ ಹೊರಟರೆ ಕೆಳಗಿನ ಸಾಲಿನ ಡಬ್ಬಗಳು ಅಪ್ಪಚ್ಚಿಯಾಗಿ ಸೋರುತ್ತಿದ್ದವು. ಉತ್ತರ ಆಫ್ರಿಕಾದಲ್ಲಿ ಡಿಪೋದಿಂದ ಹೊರಟ ಪೆಟ್ರೋಲಿನಲ್ಲಿ ಶೇಕಡಾ 30ರಷ್ಟು ದಾರಿಯಲ್ಲೇ ಹಾಳಾಗುತ್ತಿದೆ ಎಂದು ಅಲ್ಲಿನ ಸೇನಾಪತಿ ಆಕಿನ್‌ಲೆಕ್ ಲೆಕ್ಕ ಕೊಟ್ಟಿದ್ದರು. ನಮ್ಮ ನಾಲ್ಕನೇ ಇಂಡಿಯನ್ ಡಿವಿಷನ್ ಹೋರಾಡಿದ್ದೂ ಅದೇ ಮರಳುಗಾಡಿನಲ್ಲಿ.

ಸೋರದೆ ಉಳಿದ ಡಬ್ಬಕ್ಕೂ ಬೇರೆ ಕೆಲಸ ಇತ್ತು. ಅರ್ಧಕ್ಕೆ ಕತ್ತರಿಸಿ, ಮರಳು ತುಂಬಿ, ಪೆಟ್ರೋಲ್ ಸುರಿದು, ಬೆಂಕಿ ಹಚ್ಚಿ ಟೀ ಕಾಯಿಸುತ್ತಿದ್ದರು. ಬೆಂಗಾಜಿ ಒಲೆ ಅಂತ ಅದರ ಹೆಸರು. ಸೀಮೆಎಣ್ಣೆ ಡಬ್ಬವನ್ನು ಕತ್ತರಿಸಿ ಒಲೆ, ಮೊರ, ಬಾಗಿಲು, ಸೂರು ಮಾಡಿದ ನಮ್ಮವರಿಗೆ ಇದೇನೂ ಆಶ್ಚರ್ಯವಲ್ಲ.

ಈ ಅವಸ್ಥೆಯಲ್ಲಿದ್ದವರ ಕೈಗೆ ಜರ್ಮನ್ ಕ್ಯಾನ್ ಸಿಕ್ಕರೆ ಬಿಡುತ್ತಾರೆಯೇ? 1940ರಲ್ಲಿ ನಾರ್ವೆಯಲ್ಲಿ ಮೊದಲು ಕಂಡರು. ಆಮೇಲೆ ಆಫ್ರಿಕಾದಲ್ಲಿ ಶತ್ರುವಿನ ಕ್ಯಾನನ್ನು ಹೆಕ್ಕಿ ಹೆಕ್ಕಿ ತಂದು ಬಳಸಿದರು. ಕೊನೆಗೆ ತಾವೇ ಹೆಚ್ಚುಕಡಿಮೆ ಅದೇ ಅಚ್ಚಿನಲ್ಲಿ ಮಾಡಲು ಶುರು ಮಾಡಿದರು.

ಕಲ್ಕತ್ತಕ್ಕೂ ಇದಕ್ಕೂ ಏನೋ ಸಂಬಂಧ ಇದೆಯಂತೆ, ನಿಜವಾ?

ನಿಜ. ಈ ಕಥೆ ಹೇಳುವಾಗ ನಾನು ಇನ್ನೊಂದು ಲೋಟ ಕಾಫಿ ತರಿಸುತ್ತೇನೆ.

ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರ್ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದರು. 1939ರ ಬೇಸಿಗೆಯಲ್ಲಿ, ಯುದ್ಧ ಇನ್ನೇನು ಶುರುವಾಗಬೇಕು ಅನ್ನುವಾಗ, ಒಬ್ಬ ಜರ್ಮನ್ ಗೆಳೆಯನನ್ನು ಕಟ್ಟಿಕೊಂಡು ಕಾರಿನಲ್ಲಿ ಇಂಡಿಯಾಕ್ಕೆ ಹೊರಟರು. ರಜೆಗೆ! ಹೊರಡುವ ಮುಂಚೆ ನೆನಪಾಯಿತು: ದಾರಿಯಲ್ಲಿ ಮರಳುಗಾಡು, ತುರ್ತಿಗೆ ನೀರು ಇಟ್ಟುಕೊಳ್ಳಲು ಏನೂ ಇಲ್ಲ. ಆ ಗೆಳೆಯನಿಗೆ ಟೆಂಪಲ್‌ಹೋಫ್ ವಿಮಾನ ನಿಲ್ದಾಣದಲ್ಲಿ ಸಾವಿರಾರು ಹೊಸ ಕ್ಯಾನ್ ಪೇರಿಸಿಟ್ಟದ್ದು ಗೊತ್ತಿತ್ತು. ಮೂರನ್ನು ಎತ್ತಿಕೊಂಡು ಬಂದ.

ಹನ್ನೊಂದು ದೇಶಗಳ ಗಡಿ ದಾಟುವವರೆಗೆ ಏನೂ ತೊಂದರೆ ಇರಲಿಲ್ಲ. ಆಮೇಲೆ ಜರ್ಮನ್ ವಾಯುಪಡೆಯ ಮುಖ್ಯಸ್ಥ ಹರ್ಮನ್ ಗೋರಿಂಗ್ ವಿಮಾನ ಕಳಿಸಿ ಆ ಜರ್ಮನ್ ಗೆಳೆಯನನ್ನು ವಾಪಸ್ ಕರೆಸಿಕೊಂಡ. ಹೋಗುವ ಮುಂಚೆ ಗೆಳೆಯ ಆ ಕ್ಯಾನ್ ತಯಾರಿಸುವ ಪೂರ್ತಿ ವಿವರವನ್ನು ಪ್ಲೈಸ್ ಅವರಿಗೆ ಕೊಟ್ಟಿದ್ದ. ಸ್ವಂತ ದೇಶದ ಲೆಕ್ಕದಲ್ಲಿ ಅದು ದ್ರೋಹ. ಪ್ಲೈಸ್ ಒಬ್ಬರೇ ಕಲ್ಕತ್ತದವರೆಗೆ ಗಾಡಿ ಓಡಿಸಿ, ಕಾರನ್ನು ಅಲ್ಲೇ ಇರಿಸಿ ಅಮೆರಿಕಕ್ಕೆ ಮರಳಿದರು. ಮೂರು ಜೆರಿಕ್ಯಾನೂ ಕಾರಿನ ಜೊತೆ ಕಲ್ಕತ್ತದಲ್ಲೇ ಉಳಿದವು.

ಅಮೆರಿಕದ ಸೈನ್ಯದವರಿಗೆ ಹೋಗಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತೋರಿಸಲು ಕೈಯಲ್ಲಿ ಡಬ್ಬವೂ ಇರಲಿಲ್ಲ. ಕೊನೆಗೆ ಕಾರನ್ನು ಸುತ್ತಿ ಬಳಸಿ ನ್ಯೂಯಾರ್ಕಿಗೆ ತರಿಸಿ ಒಂದು ಕ್ಯಾನನ್ನು ವಾಷಿಂಗ್ಟನ್ನಿಗೆ ಕಳಿಸಿದರು. ಇನ್ನೊಂದು ಮುಂದೆ ಲಂಡನ್ನಿಗೆ ವಿಮಾನ ಹತ್ತಿತು. ಜಗತ್ತೆಲ್ಲ ನಕಲು ಮಾಡಿದ ಡಬ್ಬದ ಮಾದರಿ ನಮ್ಮ ಕಲ್ಕತ್ತದಲ್ಲಿ ಧೂಳು ತಿನ್ನುತ್ತಾ ಕೂತಿತ್ತು ಅನ್ನುವುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಅಮೆರಿಕನ್ ಕ್ಯಾನ್ ಇದರದ್ದೇ ನಕಲು ತಾನೇ? ಮತ್ತೆ ಬೇರೆ ಥರ ಕಾಣುತ್ತದಲ್ಲ?

ನಕಲೇ, ಆದರೆ ಅರ್ಧಂಬರ್ಧ. ಮೇರಿಲ್ಯಾಂಡಿನ ಕ್ಯಾಂಪ್ ಹೊಲಾಬರ್ಡ್ ಎಂಬಲ್ಲಿ ಅದನ್ನು “ಸುಧಾರಿಸಲು” ಕೂತರು. ಅಳತೆ, ಆಕಾರ, ಮೂರು ಹಿಡಿ ಇಷ್ಟನ್ನು ಇಟ್ಟುಕೊಂಡರು. ತೋಡಿನೊಳಗಿನ ಬೆಸುಗೆ ಬಿಟ್ಟು ಡಬ್ಬದ ಅಂಚು ಸುತ್ತುವ ಹಾಗೆ ತಗಡನ್ನು ಮಡಿಸಿದರು. ಒಳಗಿನ ಲೇಪ ತೆಗೆದರು. ಥಟ್ಟನೆ ತೆರೆಯುವ ಮುಚ್ಚಳದ ಜಾಗಕ್ಕೆ ತಿರುಪಿನ ಮುಚ್ಚಳ ಬಂತು. ತೆಗೆಯಲು ಸ್ಪ್ಯಾನರ್ ಬೇಕು, ಸುರಿಯಲು ಆಲಿಕೆ ಬೇಕು. ಮಡಿಕೆಗಳು ಸೋರಿದವು.

ನನಗೆ ಇದರಲ್ಲಿ ಕುತೂಹಲ ಅನಿಸುವುದು ಹಿಡಿ ಉಳಿದ ವಿಷಯ. ಒಳಗಿನ ಲೇಪ ಯಾಕೆ ಬೇಕು ಅಂತ ಮೇಜಿನ ಮುಂದೆ ಕೂತವನಿಗೆ ಹೊಳೆಯದೆ ಹೋಗಬಹುದು. ಹಿಡಿ ಹಾಗಲ್ಲ. ಯಾರೋ ಒಬ್ಬರು ಒಂದು ಸಲ ಎತ್ತಿ ನೋಡಿರಬೇಕು, ಅಷ್ಟೇ.

ಎಷ್ಟು ಕ್ಯಾನ್ ತಯಾರಾಗಿದ್ದವು?

1945ರ ಮೇ ತಿಂಗಳಲ್ಲಿ ಯುರೋಪಿನ ಯುದ್ಧ ಮುಗಿದಾಗ ಅಲ್ಲಿ ಸುಮಾರು 2.1 ಕೋಟಿ ಜೆರಿಕ್ಯಾನ್ ಹರಡಿಕೊಂಡಿದ್ದವು ಅಂತ ಲೆಕ್ಕ. ಖಾಲಿಯಾದ ಕೂಡಲೇ ರಸ್ತೆ ಬದಿಗೆ ಎಸೆದು ಮುಂದೆ ಹೋಗುವ ಸಿಪಾಯಿಗಳ ಚಾಳಿಯಿಂದ 1944ರಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲ್ ಇದ್ದರೂ ತುಂಬಲು ಕ್ಯಾನ್ ಇಲ್ಲ ಅನ್ನುವ ಪರಿಸ್ಥಿತಿ ಬಂದಿತ್ತು. ಬಿದ್ದ ಕ್ಯಾನ್ ಹೆಕ್ಕಿ ತರಲು ಊರಿನ ಶಾಲಾ ಮಕ್ಕಳನ್ನೂ ಹುರಿದುಂಬಿಸಿದ್ದರು.

ಜೀಪು, ಟ್ಯಾಂಕುಗಳ ಮೈಮೇಲಿನ ಹಿಡಿಗಳೂ ಹೀಗೆಯೇ ಇರುತ್ತವಾ?

ಜೀಪಿನ ಹುಚ್ಚಿನವರ ಪ್ರಶ್ನೆ ಇದು. ಆ ಕಾಲದ ವಿಲ್ಲಿಸ್ ಮತ್ತು ಫೋರ್ಡ್ ಜೀಪುಗಳ ಮೈಯ ಹೊರಬದಿಯಲ್ಲಿ ಹಿಡಿಗಳಿವೆ. ಎರಡೂ ಕಂಪನಿ ಸೇರಿ ಆರು ಲಕ್ಷಕ್ಕಿಂತ ಜಾಸ್ತಿ ಜೀಪು ಮಾಡಿದವು. ಹಿಡಿ ಇರುವುದು ಕೆಸರಿನಲ್ಲಿ ಹೂತ ಗಾಡಿಯನ್ನು ಜನ ಸೇರಿ ಎತ್ತಿ ಸರಿಸಲು. ಹತ್ತಿಳಿಯಲೂ ಆಗುತ್ತದೆ, ಹಗ್ಗ ಕಟ್ಟಲೂ ಆಗುತ್ತದೆ. ವಿಲ್ಲಿಸ್ ಎಂಜಿನಿಯರ್ ಬಾರ್ನಿ ರೂಸ್ ಸೈನ್ಯ ಹಾಕಿದ ತೂಕದ ಮಿತಿಗೆ ಇಳಿಸಲು ಗಾಡಿಯನ್ನು ಬಿಚ್ಚಿ ಒಂದೊಂದೇ ಭಾಗ ತೂಗಿಸಿದ್ದರು. ಬೋಲ್ಟುಗಳ ಉದ್ದ ಕತ್ತರಿಸಿದರು, ಬಣ್ಣದಲ್ಲೂ ಜಿಪುಣತನ ಮಾಡಿದರು. ಅಂಥ ಗಾಡಿಯ ಮೇಲೂ ಹಿಡಿ ಇದೆ ಅಂದರೆ ಅದು ಶೋಕಿಗೆ ಇಟ್ಟದ್ದಲ್ಲ.

ಅಲ್ಲೂ ಜೀವ ಇರುವುದು ಬುಡದಲ್ಲೇ. ಜೀಪಿನ ಮೈ ತೆಳು ತಗಡು. ಹಿಡಿಯ ಎರಡು ಪಾದ ಅಗಲವಾಗಿ ಕೂರಬೇಕು, ಹಿಂದಿನಿಂದ ಆಸರೆ ಇರಬೇಕು. ಇಲ್ಲದಿದ್ದರೆ ಎಳೆದ ಕಡೆ ತಗಡು ಹೊರಗೆ ಉಬ್ಬುತ್ತದೆ. ನಮ್ಮಲ್ಲಿ ಹಳೇ ಜೀಪಿಗೆ ಹೊಸ ಹಿಡಿ ಹಾಕಿಸಿದವರು ಮಾಡುವ ಮಾಮೂಲಿ ತಪ್ಪು ಇದೇ: ಬರೀ ಬೋಲ್ಟು ಬಿಗಿದು ಬಿಡುತ್ತಾರೆ. ಎರಡು ಮಳೆಗಾಲದಲ್ಲಿ ಬೋಲ್ಟಿನ ಸುತ್ತ ತುಕ್ಕು, ಮೂರನೆಯದರಲ್ಲಿ ತೂತು. ಒಳಗಿನಿಂದ ಅಂಗೈಯಷ್ಟು ಅಗಲದ, ದಪ್ಪ ತಗಡಿನ ಪಟ್ಟಿ ಕೊಟ್ಟು, ಬಣ್ಣ ಹೊಡೆಸಿ, ಆಮೇಲೆ ಬಿಗಿಸಿ.

ಟ್ಯಾಂಕಿನ ಕಥೆ ತಿರುಗುಮುರುಗು. ರಷ್ಯದ ಟಿ-34 ಟ್ಯಾಂಕಿನ ಗೋಪುರಕ್ಕೂ ಮೈಗೂ ಯುದ್ಧದ ನಡುವೆ ಉದ್ದುದ್ದ ಹಿಡಿ ಹಾಕಿದರು. ಸಿಪಾಯಿಗಳನ್ನು ಸಾಗಿಸುವ ಕವಚದ ಗಾಡಿಗಳು ಅವರ ಹತ್ತಿರ ಸಾಕಷ್ಟು ಇರಲಿಲ್ಲ, ಹಾಗಾಗಿ ಸಿಪಾಯಿಗಳು ಟ್ಯಾಂಕಿನ ಬೆನ್ನೇರಿ, ಆ ಹಿಡಿ ಹಿಡಿದುಕೊಂಡೇ ಯುದ್ಧಕ್ಕೆ ಹೋಗುತ್ತಿದ್ದರು. ಅಲ್ಲಿ ಪಟ್ಟಿಯೂ ಬೇಡ, ಆಸರೆಯೂ ಬೇಡ. ಬಗ್ಗಿಸಿದ ಸರಳಿನ ತುದಿಯನ್ನು ನೇರ ಆ ದಪ್ಪ ಉಕ್ಕಿಗೇ ಬೆಸೆದರೆ ಮುಗಿಯಿತು.

ಗುಜರಿಯಲ್ಲಿ ಒಂದು ಕ್ಯಾನ್ ಸಿಕ್ಕಿದೆ. ಯುದ್ಧಕಾಲದ್ದೇ ಅಂತ ಹೇಗೆ ತಿಳಿಯುವುದು?

ಮೊದಲು ಒತ್ತಿದ ಅಕ್ಷರ ಹುಡುಕಿ. ಬಣ್ಣದ ಮೇಲೆ ಬರೆದದ್ದನ್ನು ನಂಬಬೇಡಿ. ಸೀಮೆಸುಣ್ಣವನ್ನು ಅಡ್ಡಡ್ಡ ಉಜ್ಜಿದರೆ ಬಣ್ಣದಡಿ ಮುಚ್ಚಿದ ಅಕ್ಷರವೂ ಎದ್ದು ಕಾಣುತ್ತದೆ. ಜರ್ಮನ್ ಕ್ಯಾನಿನಲ್ಲಿ ‘ಕ್ರಾಫ್ಟ್‌ಷ್ಟೋಫ್ 20 ಲೀ.’ ಅಂತ ಇರುತ್ತದೆ, ಅಂದರೆ ಇಂಧನ. ಜೊತೆಗೆ ಬೇಗ ಬೆಂಕಿ ಹತ್ತುವ ವಸ್ತು ಅನ್ನುವ ಎಚ್ಚರಿಕೆ, ತಯಾರಕರ ಹೆಸರು, ವರ್ಷ. ನೀರಿನದಾಗಿದ್ದರೆ ಬಿಳಿ ಬಣ್ಣದ ದೊಡ್ಡ ಶಿಲುಬೆ ಗುರುತು ಬಳಿಯುತ್ತಿದ್ದರು. ಬ್ರಿಟಿಷ್ ಕ್ಯಾನಿನಲ್ಲಿ ಇಂಗ್ಲಿಷಿನ ಡಬ್ಲ್ಯೂ ಮತ್ತು ಡಿ ಅಕ್ಷರ, ನಡುವೆ ಬಾಣದ ಗುರುತು, ವರ್ಷ. ನನ್ನದು ಈ ಜಾತಿ, 1944ರದು. ಅಮೆರಿಕದ್ದು ಗುರುತಿಸುವುದು ಸುಲಭ: ಮಡಿಸಿದ ಅಂಚು, ತಿರುಪಿನ ಮುಚ್ಚಳ, ಅವರ ದೇಶದ ಮೂರು ಅಕ್ಷರ.

ಯುದ್ಧದ ನಂತರವೂ ಎಷ್ಟೋ ದೇಶಗಳು ಇದೇ ಕ್ಯಾನ್ ಮಾಡಿದವು, ಈಗಲೂ ಮಾಡುತ್ತಿವೆ. ಬರೀ ಆಕಾರ ನೋಡಿ ದುಡ್ಡು ಸುರಿಯಬೇಡಿ. ಅಂಗಡಿಯವರು ಎಲ್ಲವನ್ನೂ “ಮಿಲಿಟ್ರಿ ಮಾಲು ಸಾರ್” ಅಂತಲೇ ಹೇಳುತ್ತಾರೆ.

ಒಂದು ಹಿಡಿ ಬಿಟ್ಟುಕೊಂಡಿದೆ. ವೆಲ್ಡಿಂಗ್ ಮಾಡಿಸಬಹುದಾ?

ಬೇಡ. ದಯವಿಟ್ಟು ಬೇಡ.

ಹತ್ತು ವರ್ಷ ಖಾಲಿ ಬಿದ್ದ ಕ್ಯಾನೇ ಆಗಿರಲಿ, ತುಕ್ಕಿನ ಸಂದಿಯಲ್ಲಿ ಪೆಟ್ರೋಲಿನ ಅಂಶ ಉಳಿದಿರುತ್ತದೆ. ಬಿಸಿ ತಾಗಿದರೆ ಆವಿಯಾಗಿ ಗಾಳಿಯ ಜೊತೆ ಬೆರೆಯುತ್ತದೆ. ಆಗ ಅದು ಡಬ್ಬವಲ್ಲ, ಬಾಂಬು. ತುಂಬಿದ ಡಬ್ಬಕ್ಕಿಂತ ಖಾಲಿ ಡಬ್ಬ ಅಪಾಯ ಅನ್ನುವುದು ಪೆಟ್ರೋಲ್ ಟ್ಯಾಂಕ್ ರಿಪೇರಿಯವರಿಗೆ ಚೆನ್ನಾಗಿ ಗೊತ್ತು. ಅವರು ತೊಳೆಯುವ ಕ್ರಮವೇ ಬೇರೆ, ಆದರೂ ಹೆದರಿಕೊಂಡೇ ಮಾಡುತ್ತಾರೆ.

ನನ್ನ ಮೊದಲ ಕ್ಯಾನ್ ಹಾಳಾಗಿದ್ದು ಹೀಗೇ. ಸಿಡಿಯಲಿಲ್ಲ, ಪುಣ್ಯ. ಅದು ನೀರಿಗೇ ಬಳಸಿದ್ದು ಅಂತ ನಂಬಿ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಗೇಟು ಗ್ರಿಲ್ಲು ಮಾಡುವ ದಪ್ಪ ರಾಡಿನಲ್ಲೇ ಬೆಸೆದರು. ಪಟ್ಟಿಯ ಪಕ್ಕದ ತಗಡು ಕರಗಿ ಹೆಬ್ಬೆರಳು ಹೋಗುವಷ್ಟು ತೂತು. “ತಗಡು ಸರಿ ಇಲ್ಲ ಸಾರ್” ಅಂದರು. ಎಂಬತ್ತು ವರ್ಷ ಸರಿ ಇದ್ದ ತಗಡು! ಅದರಲ್ಲಿ ಈಗ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದೇವೆ.

ನೀರು ಅಥವಾ ಪೆಟ್ರೋಲ್ ತುಂಬಿ ಬಳಸಬಹುದಾ?

ಹಳೇ ಕ್ಯಾನಿನಲ್ಲಿ ಎರಡೂ ಬೇಡ. ಒಳಗಿನ ಲೇಪ ಎದ್ದಿರುತ್ತದೆ, ರಬ್ಬರ್ ವಾಷರ್ ಒಣಗಿ ಬಿರಿದಿರುತ್ತದೆ. ಕುಡಿಯುವ ನೀರಂತೂ ಖಂಡಿತ ಬೇಡ. ಟ್ರಿಪ್ಪಿಗೆ ಬೇಕೇಬೇಕು ಅಂದರೆ ಇದೇ ಆಕಾರದ ಹೊಸ ಉಕ್ಕಿನ ಕ್ಯಾನ್ ಸಿಗುತ್ತದೆ. ಅದಕ್ಕೂ ಮೂರೇ ಹಿಡಿ.

ನಿಮ್ಮ ಕ್ಯಾನ್ ಮಾರ್ತೀರಾ?

ಇಲ್ಲ. ಪೇಪರ್ ಹುಡುಗ ದಿನಾ ಬೆಳಿಗ್ಗೆ ಹಿಡಿಗಳ ಸಂದಿಯಲ್ಲೇ ಪೇಪರ್ ಸಿಕ್ಕಿಸಿ ಹೋಗುತ್ತಾನೆ. ಎರಡು ಸಂದಿ ಇದೆ. ಕನ್ನಡದ್ದು ಒಂದರಲ್ಲಿ, ಇಂಗ್ಲಿಷಿನದ್ದು ಇನ್ನೊಂದರಲ್ಲಿ.